ಹೇಗೂ ಮನೇಲೇ ಇದ್ದೀಯಲ್ಲ

ಬ್ರಾತಿಸ್ಲಾವನ ಸಂಸಾರ ಒಂದು ಹಸಿರು ಚುಕ್ಕಿಯ ಮೇಲೆ ನಿಂತಿತ್ತು. ಚುಕ್ಕಿ ಎಂದರೆ ಸಾಸಿವೆ ಕಾಳಿನಷ್ಟು. ಅವನ ಕಂಪ್ಯೂಟರಿನ ಮೂಲೆಯಲ್ಲಿ, ಅವನ ಹೆಸರಿನ ಪಕ್ಕದಲ್ಲಿ ಕೂತಿರುತ್ತಿತ್ತು. ಅವನು ಟೈಪು ಮಾಡುತ್ತಲೋ ಮೌಸು ಆಡಿಸುತ್ತಲೋ ಇದ್ದರೆ ಹಸಿರು. ಐದು ನಿಮಿಷ ಕೈ ಎತ್ತಿದನೋ, ಹಳದಿ. ಹಳದಿಯಾದ ಸುದ್ದಿ ಆ ಕ್ಷಣವೇ ವಿಯೆನ್ನಾದಲ್ಲಿದ್ದ ಕಂಪನಿಗೆ ಮುಟ್ಟುತ್ತಿತ್ತು.

ಕೆಲಸವೇನೋ ಕುರ್ಚಿಯ ಮೇಲೆ ಕೂತು ಮಾಡುವಂಥದೇ. ಹೋಟೆಲಿನಲ್ಲಿ ಬಿಸಿನೀರು ಬರಲಿಲ್ಲ, ಕಿಟಕಿಯಿಂದ ಸಮುದ್ರ ಕಾಣಲಿಲ್ಲ ಎಂದು ಯಾರೋ ಜರ್ಮನ್ ಭಾಷೆಯಲ್ಲಿ ಬೈದು ಬರೆಯುತ್ತಾರೆ. ಅದಕ್ಕೆ ಇವನು ಲೆಸ್ಕೊವಾಟ್ಸ್ ಊರಿನ ನಮ್ಮ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತು ಅದೇ ಭಾಷೆಯಲ್ಲಿ ಕ್ಷಮೆ ಕೇಳಬೇಕು. ದಿನಕ್ಕೆ ಎಂಟು ಗಂಟೆ ಕ್ಷಮೆ ಕೇಳುವವನ ಸಿಟ್ಟು ಎಲ್ಲಿಗೆ ಹೋಗಬೇಕು? ಹೊಟ್ಟೆಯಲ್ಲೇ ಸೇರುತ್ತಿತ್ತು.

ಸೆಪ್ಟೆಂಬರಿನ ಒಂದು ಗುರುವಾರ ಮೇಲಧಿಕಾರಿ ಯಾಸ್ನಾ ಮೇಡಂ ಅವನಿಗೆ ಬರೆದಳು. ‘ಕಳೆದ ತಿಂಗಳು ನಿಮ್ಮ ಚುಕ್ಕಿ ಒಟ್ಟು ಹದಿನೇಳು ಗಂಟೆ ಹಳದಿಯಾಗಿತ್ತು. ನಾಳೆ ಮಧ್ಯಾಹ್ನ ಮೂರಕ್ಕೆ ಪರದೆಯ ಮೇಲೆ ಭೇಟಿಯಾಗೋಣ. ನೀವು ಮುಂದುವರಿಯಬೇಕೋ ಬೇಡವೋ ಅಲ್ಲಿ ತೀರ್ಮಾನ. ನಾಳೆಯಾದರೂ ಚುಕ್ಕಿ ಹಸಿರಾಗಿರಲಿ.’ ಈ ಯಾಸ್ನಾಳ ತಾಯಿ ನಮ್ಮ ದಕ್ಷಿಣದ ಕಡೆಯವಳು. ಹಾಗಾಗಿ ಮೇಡಮ್ಮಿಗೆ ನಮ್ಮ ಭಾಷೆಯೂ ಬರುತ್ತಿತ್ತು, ನಾವು ಹೇಳುವ ನೆಪಗಳೂ ಗೊತ್ತಿದ್ದವು.

ಆ ಹದಿನೇಳು ಗಂಟೆ ಯಾರಿಂದ ಹಳದಿಯಾಯಿತು? ನಮ್ಮಿಂದ. ಮುಚ್ಚುಮರೆ ಯಾಕೆ, ನಾನು ಮೂರನೇ ಮಹಡಿಯವನು, ಅದರಲ್ಲಿ ನನ್ನದೂ ಪಾಲಿದೆ. ಹಗಲು ಹೊತ್ತು ಮನೆಯಲ್ಲಿರುವ ಗಟ್ಟಿ ಆಳು ಇಡೀ ಕಟ್ಟಡಕ್ಕೆ ಅವನೊಬ್ಬನೇ. ಯಾರಿಗೆ ಏನು ಬೇಕಾದರೂ ಅವನ ಬಾಗಿಲ ಗಂಟೆ ಒತ್ತುವುದು, “ಹೇಗೂ ಮನೇಲೇ ಇದ್ದೀಯಲ್ಲ” ಅನ್ನುವುದು. ಅವನು ಪ್ರತಿಸಲ ಹಲ್ಲು ಕಡಿಯುತ್ತ ಬರುತ್ತಿದ್ದ. ಬರುತ್ತಿದ್ದನಲ್ಲ, ನಮಗೆ ಅಷ್ಟು ಸಾಕಾಗಿತ್ತು.

ಶುಕ್ರವಾರ ಬೆಳಿಗ್ಗೆ ಹೆಂಡತಿ ನೆವೆನಾ ಆಸ್ಪತ್ರೆಯ ಕೆಲಸಕ್ಕೆ, ಮಗಳು ಲೆಂಕಾ ಶಾಲೆಗೆ ಹೋದ ಮೇಲೆ ಬ್ರಾತಾ (ಅವನನ್ನು ನಾವು ಕರೆಯುವುದು ಹಾಗೆ) ಎಂಟು ಗಂಟೆಗೆ ಸರಿಯಾಗಿ ಕೂತ. ಚುಕ್ಕಿ ಹಸಿರಾಯಿತು. ಇವತ್ತು ತಲೆ ಮೇಲೆ ತಲೆ ಬಿದ್ದರೂ ಏಳುವುದಿಲ್ಲ ಎಂದುಕೊಂಡ. ಎಂಟೂ ಹತ್ತಕ್ಕೆ ಗಂಟೆ ಬಾರಿಸಿತು.

ಬಾಗಿಲಲ್ಲಿ ಎದುರುಮನೆಯ ದೆಸಾಂಕಾ ಅತ್ತೆ. ಈಕೆ ಮೂವತ್ತೊಂದು ವರ್ಷ ನಮ್ಮೂರ ಬಟ್ಟೆ ಗಿರಣಿಯ ಗೇಟಿನಲ್ಲಿ ಕೂತು ಹಾಜರಿ ಬರೆದವಳು. ಒಂದು ನಿಮಿಷ ತಡವಾಗಿ ಬಂದವರಿಗೂ ಕೆಂಪು ಗೆರೆ. ಗಿರಣಿ ಮುಚ್ಚಿ ಇಪ್ಪತ್ತು ವರ್ಷವಾಯಿತು, ಈಕೆಯ ಕಣ್ಣು ಇನ್ನೂ ಮುಚ್ಚಿಲ್ಲ. ಈಗ ಕಟ್ಟಡದ ಮುಂದಿನ ಬೆಂಚಿನ ಮೇಲೆ ಕೂರುತ್ತಾಳೆ, ಯಾರು ಎಷ್ಟು ಹೊತ್ತಿಗೆ ಹೋದರು ಬಂದರು ಎಲ್ಲ ನೋಡುತ್ತಾಳೆ, ಏಪ್ರನ್ನಿನ ಜೇಬಿನಿಂದ ದಪ್ಪ ಪುಸ್ತಕ ತೆಗೆದು ಏನೋ ಗೀಚುತ್ತಾಳೆ. ರಕ್ತದೊತ್ತಡದ ಲೆಕ್ಕವಿರಬೇಕು ಎಂದು ನಾವೆಲ್ಲ ತಿಳಿದಿದ್ದೆವು.

“ಮಗಾ, ಮೆಣಸಿನಕಾಯಿ ಬಂತು. ಹನ್ನೆರಡು ಮೂಟೆ. ಗಾಡಿಯವನು ಬೀದೀಲಿ ಹಾಕಿ ಹೋದ. ಹಿತ್ತಲಿಗೆ ಹಾಕಬೇಕು.”

ಅವತ್ತು ಐವಾರ್ ಚಟ್ನಿಯ ದಿನ. ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಎಣ್ಣೆ ಹಾಕಿ ದೊಡ್ಡ ಹಂಡೆಯಲ್ಲಿ ದಿನವಿಡೀ ಗೊಟಾಯಿಸಿ, ಬಾಟಲಿಗೆ ತುಂಬಿ ಚಳಿಗಾಲಕ್ಕೆ ಇಡಬೇಕು. ನಮ್ಮಲ್ಲಿ ಅಂಗಡಿಯಿಂದ ಐವಾರ್ ತಂದವರ ಮನೆಗೆ ಹೆಣ್ಣು ಕೊಡಲು ಯೋಚಿಸುತ್ತಾರೆ.

“ಅತ್ತೆ, ನಾನು ಕೆಲಸದಲ್ಲಿದೀನಿ,” ಅಂದ ಬ್ರಾತಾ.

ದೆಸಾಂಕಾ ಅತ್ತೆ ಅವನ ಕಾಲು ನೋಡಿದಳು. “ಕೆಲಸದಲ್ಲಿರೋರು ಬೂಟು ಹಾಕಿರ್ತಾರೆ ಕಣೋ. ನೀನು ಮನೆಚಪ್ಪಲಿ ಹಾಕಿದೀಯ.”

“ಮನೆಯಿಂದಾನೇ ಕೆಲಸ ಅತ್ತೆ. ನೂರು ಸಲ ಹೇಳಿದೀನಿ.”

“ಹೇಳಿದೀಯ, ಇಲ್ಲ ಅನ್ನಲ್ಲ. ನಮ್ಮ ಯಜಮಾನ್ರೂ ಕೆಲಸ ಹೋದಾಗ ಆರು ತಿಂಗಳು ಹಾಗೇ ಹೇಳ್ಕೊಂಡು ಓಡಾಡಿದ್ರು. ನಾಚಿಕೆ ಪಡಬೇಡ. ಹತ್ತು ನಿಮಿಷದ ಕೆಲಸ, ಬಾ.”

ಹನ್ನೆರಡು ಮೂಟೆಗೆ ಇಪ್ಪತ್ತೆಂಟು ನಿಮಿಷ ಹಿಡಿಯಿತು. ಮೇಲೆ ಬಂದು ನೋಡಿದರೆ ಚುಕ್ಕಿ ಅರಿಸಿನ ಬಳಿದುಕೊಂಡು ಕೂತಿತ್ತು. ಅವನು ಕೂತು, ಬೆವರು ಒರೆಸಿಕೊಂಡು, ಹ್ಯಾಂಬುರ್ಗಿನ ಯಾರೋ ಹೆಂಗಸಿಗೆ ದಿಂಬು ಗಟ್ಟಿಯಾಗಿದ್ದಕ್ಕೆ ಕ್ಷಮೆ ಕೇಳಲು ಶುರುಮಾಡಿದ. ಅಷ್ಟರಲ್ಲಿ ದೆಸಾಂಕಾ ಅತ್ತೆ ಕಾಫಿ ತಂದಳು. ಪಾಪ, ಉಪಕಾರ ಇಟ್ಟುಕೊಳ್ಳುವವಳಲ್ಲ. ಬಂದವಳು ಮೊದಲು ಕಿಟಕಿ ಮುಚ್ಚಿದಳು.

“ಬೆವತಿದೀಯ. ಆ ಬಾಗಿಲು ಈ ಕಿಟಕಿ ಎರಡೂ ತೆಗೆದಿಟ್ಟು ಗಾಳೀಲಿ ಕೂತಿದೀಯಲ್ಲ, ಸಾಯಬೇಕು ಅಂತಿದೀಯಾ? ನಮ್ಮ ಗಿರಣೀಲಿ ಒಬ್ಬಳು ಹೀಗೇ ಕೂತು ಕುತ್ತಿಗೆ ಹಿಡಿದು, ಮದುವೆ ಫೋಟೋದಲ್ಲೂ ಗೋಡೆ ಕಡೆ ನೋಡ್ಕೊಂಡೇ ನಿಂತಿದ್ಲು.”

ಕಾಫಿ ಆರುವ ತನಕ ಆ ಮದುವೆಯ ಕತೆ ನಡೆಯಿತು. ಬ್ರಾತಾ ಒಂದು ಕೈಯಲ್ಲಿ ಬಟ್ಟಲು ಹಿಡಿದು ಇನ್ನೊಂದರಲ್ಲಿ ಮೌಸು ಆಡಿಸುತ್ತಿದ್ದ. ಅವಳು ಅದನ್ನು ನೋಡಿ ನೋಡಿ, “ಕೈ ಯಾಕೋ ಹಾಗೆ ನಡುಗುತ್ತೆ? ನರದ ದೌರ್ಬಲ್ಯ ಇರಬೇಕು. ನೆವೆನಾಗೆ ಹೇಳ್ತೀನಿ,” ಅಂದಳು.

ಅವಳು ಹೋದಳು, ಮೊದಲನೇ ಮಹಡಿಯ ತಿಹೊಮಿರ್ ಮಾಮ ಬಂದ. ಲಾರಿ ಓಡಿಸಿ ನಿವೃತ್ತನಾದವನು. ಈಗ ಪ್ಲಮ್ ಹಣ್ಣಿನ ಸಾರಾಯಿ, ನಮ್ಮ ರಾಕಿಯಾ, ಕಾಯಿಸುವುದೇ ಅವನ ಉದ್ಯೋಗ. ಈ ವರ್ಷದ ಪೀಪಾಯಿಯನ್ನು ನೆಲಮಾಳಿಗೆಯಲ್ಲಿಟ್ಟು ಅದಕ್ಕೆ ಹಾವಿನಂತೆ ಕಾವಲು ಕೂತಿದ್ದ.

“ಬ್ರಾತಾ, ಕಣ್ಣಿನ ಡಾಕ್ಟ್ರ ಸರದಿಗೆ ಈ ಫೋನಲ್ಲೇ ಹೆಸರು ಬರೆಸಬೇಕಂತೆ. ನೀನು ಹೇಗೂ ಅದನ್ನೇ ಒತ್ತುತ್ತಾ ಕೂತಿರ್ತೀಯಲ್ಲ, ಇದನ್ನೂ ಒತ್ತಿಬಿಡು.”

“ಮಾಮ, ಇವತ್ತು ಬೇಡ. ಇವತ್ತು ನನ್ನ ನೌಕರಿ ಉಳಿಯುತ್ತೋ ಹೋಗುತ್ತೋ ಅನ್ನೋ ದಿನ.”

“ಹೋಗೋಕೆ ಇರಬೇಕಲ್ಲೋ,” ಅಂದ ತಿಹೊಮಿರ್ ಮಾಮ, ಅದೂ ಪ್ರೀತಿಯಿಂದಲೇ.

ಬ್ರಾತಾನ ಪಿತ್ತ ನೆತ್ತಿಗೇರಿತು. ಆದರೂ ಹೆಸರು ಬರೆಸಿಕೊಟ್ಟ. ಅದಕ್ಕೆ ಹತ್ತೊಂಬತ್ತು ನಿಮಿಷ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ಬಾಗಿಲು ಹಾಕಿಕೊಳ್ಳಬೇಕೋ ಬೇಡವೋ? ಆದರೆ ನಮ್ಮಲ್ಲಿ ನೆರೆಯವರ ಮುಖದ ಮೇಲೆ ಬಾಗಿಲು ಹಾಕಿದವನು ಸತ್ತರೆ ಹೆಣ ಹೊರಲು ನಾಲ್ಕು ಜನ ಸಿಗುವುದಿಲ್ಲ. ಅವನಿಗೂ ಅದು ಗೊತ್ತಿತ್ತು.

ಆಗ ಅವನಿಗೆ ದೆಸಾಂಕಾ ಅತ್ತೆಯ ಮಾತು ನೆನಪಾಯಿತು. ಕೆಲಸ ಎಂದರೆ ಬೂಟು. ಸರಿ, ಬೂಟೇ ಆಗಲಿ. ಮನೆಚಪ್ಪಲಿಯನ್ನು ಗೋಡೆಗೆ ಒಗೆದ. ಬೂಟು ಹಾಕಿದ, ಕೋಟು ತೊಟ್ಟ, ಕಂಪ್ಯೂಟರನ್ನು ಚೀಲಕ್ಕೆ ತುಂಬಿಕೊಂಡು ಬೆಂಚಿನ ಮುಂದೆಯೇ ಧಡಧಡ ಇಳಿದು ನಡೆದ.

“ಎಲ್ಲಿಗೋ?” ಅಂದಳು ದೆಸಾಂಕಾ ಅತ್ತೆ.

“ಆಫೀಸಿಗೆ.”

ಅವಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. “ದೇವರು ಕಣ್ಣು ಬಿಟ್ಟ. ಯಾವ ಆಫೀಸೋ? ಯಾರ ಶಿಫಾರಸು?”

ಅವನು ತಿರುಗಿ ನೋಡದೆ ಮುಂದೆ ಹೋದ. ಕಾಫಿ ಅಂಗಡಿಗೆ ಹೋಗುವಂತಿರಲಿಲ್ಲ. ಲೆಸ್ಕೊವಾಟ್ಸಿನಲ್ಲಿ ಒಬ್ಬನೇ ಕೂತವನ ಮೇಜಿಗೆ ಐದು ನಿಮಿಷದಲ್ಲಿ ಮೂರು ಜನ ಬಂದು ಕೂರುತ್ತಾರೆ. ಕಟ್ಟಡಕ್ಕೆ ಒಂದು ಸುತ್ತು ಹಾಕಿ ಹಿಂಬಾಗಿಲಿಂದ ನುಗ್ಗಿ ನೆಲಮಾಳಿಗೆಗೆ ಇಳಿದ. ಸೌದೆ ತೆಗೆಯಲೆಂದು ಅದರ ಕಬ್ಬಿಣದ ಬಾಗಿಲು ಅವತ್ತು ತೆರೆದೇ ಇತ್ತು. ಒಳಗೆ ಪ್ರತಿ ಮನೆಗೂ ಒಂದೊಂದು ಮೂಲೆ. ಅವನ ಮೂಲೆಯಲ್ಲಿ ಚಳಿಗಾಲದ ಟೈರುಗಳಿದ್ದವು. ಎದುರಿಗೆ ಹಿತ್ತಿಲ ನೆಲದ ಮಟ್ಟಕ್ಕೆ ಕಂಬಿ ಹಾಕಿದ ಕಿರುಕಿಟಕಿ. ಅದರ ಕೆಳಗೆ ಮಾತ್ರ ಫೋನಿಗೆ ಇಂಟರ್ನೆಟ್ ಸಿಗುತ್ತಿತ್ತು. ಒಂದು ಪೆಟ್ಟಿಗೆ ಎಳೆದು ಕಂಪ್ಯೂಟರ್ ಇಟ್ಟ, ಟೈರಿನ ಮೇಲೆ ಕೂತ. ಚುಕ್ಕಿ ಹಸಿರಾಯಿತು.

ನಾಲ್ಕು ಗಂಟೆ ಕಾಲ ಯಾರೂ ಅವನನ್ನು ಕರೆಯಲಿಲ್ಲ. ಕಿಟಕಿಯಿಂದ ಕಾಣುತ್ತಿದ್ದದ್ದು ಬರೀ ಕಾಲುಗಳು. ಹಿತ್ತಲಲ್ಲಿ ಮೆಣಸಿನಕಾಯಿ ಸುಡುವವರು, ಸುಲಿಯುವವರು, ಹಂಡೆ ಗೊಟಾಯಿಸುವವರು, ಒಬ್ಬರ ಕಾಲಲ್ಲೂ ಬೂಟಿಲ್ಲ, ಎಲ್ಲ ಮನೆಚಪ್ಪಲಿಯೇ. ಅವರದೆಲ್ಲ ಕೆಲಸ, ತನ್ನದು ಮಾತ್ರ ಕೆಲಸವಲ್ಲ. ಅವನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಎಂದೂ ಇಲ್ಲದಷ್ಟು ವೇಗವಾಗಿ ಕ್ಷಮೆ ಕೇಳುತ್ತ ಹೋದ.

ಎರಡೂವರೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ತಿಹೊಮಿರ್ ಮಾಮ ಸೌದೆಗೆ ಬಂದಿದ್ದ. ಕಂಡರೆ ಸೌದೆ ಹೊರಿಸುತ್ತಾನೆ ಎಂದು ಬ್ರಾತಾ ಕಂಪ್ಯೂಟರನ್ನು ತಬ್ಬಿಕೊಂಡು ಟೈರುಗಳ ಹಿಂದೆ ಅಡಗಿದ, ಉಸಿರು ಬಿಗಿಹಿಡಿದ. ಮಾಮ ಸೌದೆ ತೆಗೆದುಕೊಂಡ, ಪೀಪಾಯಿಯ ಮುಚ್ಚಳ ಎತ್ತಿ ಮೂಸಿದ, ಯಾರೋ ಕುಡಿದಿದ್ದಾರೆ ಎಂದು ಗೊಣಗಿದ, ಹೋಗುವಾಗ ಕಬ್ಬಿಣದ ಬಾಗಿಲಿಗೆ ಬೀಗ ಜಡಿದ.

ಬ್ರಾತಾ ಹಿಡಿಕೆ ಜಗ್ಗಿ ನೋಡಿದ. ಕೂಗಿದರೆ ತೆರೆಯುತ್ತಾರೆ. ತೆರೆದರೆ ಇಲ್ಲಿ ಯಾಕೆ ಕೂತಿದ್ದೆ ಎಂದು ಒಂದು ಗಂಟೆ ವಿಚಾರಣೆ. ಮೂರು ಗಂಟೆಯ ಮಾತು ಮುಗಿಯಲಿ, ಆಮೇಲೆ ಕೂಗಿದರಾಯಿತು ಎಂದು ಮತ್ತೆ ಟೈರಿನ ಮೇಲೆ ಕೂತ.

ಮೂರಕ್ಕೆ ಸರಿಯಾಗಿ ಯಾಸ್ನಾ ಮೇಡಂ ಪರದೆಯ ಮೇಲೆ ಬಂದಳು. ಬಂದವಳು ಕನ್ನಡಕ ಸರಿಮಾಡಿಕೊಂಡಳು. ಅವಳಿಗೆ ಕಂಡದ್ದು ಒಂದು ಕತ್ತಲೆ ಗೋಡೆ, ಅದರ ಮುಂದೆ ಮಸಿ ಹಿಡಿದ ಮುಖದ ಒಬ್ಬ ಮನುಷ್ಯ, ಅವನ ತಲೆಯ ಮೇಲೆ ಕಬ್ಬಿಣದ ಕಂಬಿ.

“ಬ್ರಾತಿಸ್ಲಾವ್, ಎಲ್ಲಿದೀರಿ ನೀವು?”

“ಮನೆಯಲ್ಲೇ ಮೇಡಂ,” ಅಂದ ಅವನು ಪಿಸುಮಾತಿನಲ್ಲಿ.

“ಯಾಕೆ ಪಿಸುಗುಡ್ತಾ ಇದೀರಿ? ಪೊಲೀಸ್ರು ಹಿಡಿದಿದ್ರೆ ಹೇಳಿಬಿಡಿ. ಅದಕ್ಕೆ ತುಂಬೋ ಫಾರಮ್ಮೇ ಬೇರೆ ಇದೆ.”

ಅಷ್ಟರಲ್ಲಿ ಹಿತ್ತಿಲ ಹೊಗೆ ಕಿಟಕಿಯಿಂದ ಇಳಿಯಿತು. ಅವನು ಕೆಮ್ಮಿದ. ತಡೆದುಕೊಂಡಷ್ಟೂ ಕೆಮ್ಮು ಜೋರಾಯಿತು. ಹಂಡೆಯ ಮುಂದಿದ್ದ ದೆಸಾಂಕಾ ಅತ್ತೆ, ನೆಲದೊಳಗಿಂದ ಕೆಮ್ಮು ಬರುತ್ತಿದೆಯಲ್ಲ ಎಂದು ಮಂಡಿಯೂರಿ ಬಗ್ಗಿದಳು. ಮೇಡಮ್ಮಿನ ಪರದೆಯಲ್ಲಿ ಬ್ರಾತಾನ ತಲೆಯ ಮೇಲೆ, ಕಂಬಿಗಳ ನಡುವೆ, ತಲೆಗೆ ಬಟ್ಟೆ ಕಟ್ಟಿದ ಇನ್ನೊಂದು ಮುಖ ಮೂಡಿತು.

“ಬ್ರಾತಾ? ಆಫೀಸಿಗೆ ಹೋಗ್ತೀನಿ ಅಂದೆಯಲ್ಲೋ?”

ಯಾಸ್ನಾ ಮೇಡಮ್ಮಿನ ಹುಬ್ಬು ಮೇಲೇರಿತು. “ಯಾವ ಆಫೀಸು? ನಿಮಗೆ ಇನ್ನೊಂದು ನೌಕರಿ ಬೇರೆ ಇದೆಯಾ? ಹಾಗಾದ್ರೆ ಆ ಹದಿನೇಳು ಗಂಟೆ ಎಲ್ಲಿ ಹೋಯ್ತು ಅಂತ ನಾನು ಕೇಳೋದೇ ಬೇಡ.”

“ಇಲ್ಲ ಮೇಡಂ—”

“ಇದೆ,” ಅಂದಳು ದೆಸಾಂಕಾ ಅತ್ತೆ ಮೇಲಿನಿಂದ, ಅವನ ಮರ್ಯಾದೆ ಉಳಿಸುವವಳಂತೆ. “ಬೆಳಿಗ್ಗೆ ಬೂಟು ಹಾಕ್ಕೊಂಡು ಹೋದ. ನಾನೇ ನೋಡಿದೀನಿ. ಅವನು ಖಾಲಿ ಕೂತವನಲ್ಲಮ್ಮ.”

ಅಲ್ಲಿಗೆ ಬ್ರಾತಾನ ಕಟ್ಟೆ ಒಡೆಯಿತು. ಎರಡು ವರ್ಷ ಹ್ಯಾಂಬುರ್ಗು, ಮ್ಯೂನಿಕ್ಕುಗಳಿಗೆಲ್ಲ ಕ್ಷಮೆ ಕೇಳಿ ಹೊಟ್ಟೆಯಲ್ಲಿ ತುಂಬಿಟ್ಟುಕೊಂಡಿದ್ದ ಸಿಟ್ಟು ಒಟ್ಟಿಗೆ ಬಾಯಿಗೆ ಬಂತು. ಅವನು ಟೈರಿನ ಮೇಲೆ ಹತ್ತಿ ನಿಂತು, ಮುಖವನ್ನು ಕಂಬಿಗೆ ಒತ್ತಿ ಹಿತ್ತಲಿಗೆಲ್ಲ ಕೇಳುವಂತೆ ಶುರುಮಾಡಿದ.

“ಬೂಟು, ಬೂಟು, ಬೂಟು. ಬೂಟು ಹಾಕ್ಕೊಂಡು ಮೂರು ವರ್ಷ ಸ್ಲೊವಾಕಿಯಾದಲ್ಲಿ ಕೆಲಸ ಮಾಡಿದೆ ಅತ್ತೆ. ಕಾರಿನ ಬಾಗಿಲಿಗೆ ರಬ್ಬರು ಅಂಟಿಸ್ತಿದ್ದೆ. ಒಂದು ಕೋಣೇಲಿ ಆರು ಜನ ಮಲಗ್ತಿದ್ವಿ. ವಾಪಸ್ ಬಂದ ದಿನ ಬಾಗಿಲು ತೆಗೆದ ನನ್ನ ಮಗಳು, ‘ಅಮ್ಮಾ, ಯಾರೋ ಅಂಕಲ್ ಬಂದಿದಾರೆ’ ಅಂದ್ಲು. ನೀವೆಲ್ಲ ಅವತ್ತು ಮೆಟ್ಟಿಲ ಮೇಲೇ ಇದ್ರಿ, ಕೇಳಿಸ್ಕೊಂಡಿದೀರಿ. ಆಮೇಲೆ ಈ ಕೆಲಸ ಹುಡುಕಿದೆ. ಮನೇಲೇ ಇರಬಹುದು ಅಂತ ಹುಡುಕಿದೆ. ಹೌದು, ಮನೇಲೇ ಇದೀನಿ. ಮನೇಲಿರೋದು ನನ್ನ ಮಗಳಿಗೋಸ್ಕರ. ನಿಮ್ಮ ಮೂಟೆಗಲ್ಲ, ಮಾಮನ ಫ್ರಿಜ್ಜಿಗಲ್ಲ, ಮೂರನೇ ಮಹಡಿ ಮಹಾಶಯನ ಸಿಂಕು ಬಿಡಿಸೋಕಲ್ಲ. ಇವತ್ತು ಈ ನೌಕರಿ ಹೋದ್ರೆ ಸೋಮವಾರದ ಬಸ್ಸಿಗೆ ನಾನು ಮತ್ತೆ ಸ್ಲೊವಾಕಿಯಾಕ್ಕೆ. ಆವಾಗ ಯಾರನ್ನ ಕರೀತೀರೋ ಕರೀರಿ.”

ಹಿತ್ತಲಲ್ಲಿ ಸುಲಿಯುವ ಕೈಗಳು ನಿಂತವು, ಗೊಟಾಯಿಸುವ ಕೈಯೂ ನಿಂತಿತು. ಮೂರನೇ ಮಹಡಿಯ ಮಹಾಶಯ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. ನನಗೆ ನಿಜವಾಗಿ ನಾಚಿಕೆಯಾಯಿತು.

ದೆಸಾಂಕಾ ಅತ್ತೆಯ ಕಣ್ಣು ಒದ್ದೆಯಾಗಿತ್ತು, ಹೊಗೆಯಿಂದಲ್ಲ. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು, ಜೇಬಿನಿಂದ ದಪ್ಪ ಪುಸ್ತಕ ತೆಗೆದಳು, ಕಂಬಿಯ ಮುಂದೆ ನೆಲದ ಮೇಲೆಯೇ ಕೂತಳು.

“ಮೇಡಂ ಅವ್ರೇ,” ಅಂದಳು, “ನಾನು ಗೇಟಿನಲ್ಲಿ ಮೂವತ್ತೊಂದು ವರ್ಷ ಹಾಜರಿ ಬರೆದವಳು. ಸುಳ್ಳು ಹಾಜರಿ ಒಂದೂ ಬರೆದಿಲ್ಲ. ನಿಮಗೆ ಯಾವ ದಿನದ್ದು ಬೇಕು ಕೇಳಿ.”

ಯಾಸ್ನಾ ಮೇಡಂ ಪರದೆ ಮುಚ್ಚಿಬಿಡಬಹುದಿತ್ತು. ಮುಚ್ಚಲಿಲ್ಲ. ತನ್ನ ಪಟ್ಟಿ ತೆರೆದು ಕೇಳಿದಳು. “ಆಗಸ್ಟ್ ಆರು.”

“ಹತ್ತೂ ಐದರಿಂದ ಹತ್ತೂ ಐವತ್ತು. ತಿಹೊಮಿರನ ಹಳೇ ಫ್ರಿಜ್ ಇಳಿಸಿ ಹೊಸಾದು ಹತ್ತಿಸಿದ. ಬೆರಳು ಜಜ್ಜಿಕೊಂಡ.”

“ನನ್ನ ಹತ್ರ ಹತ್ತೂ ಹತ್ತರಿಂದ ಇದೆ.”

“ನಿಮ್ಮ ಯಂತ್ರ ಐದು ನಿಮಿಷ ತಡ.”

ಮೇಡಂ ಪಟ್ಟಿಯ ಮೇಲೆ ಬೆರಳಾಡಿಸಿದಳು. ಯಂತ್ರ ನಿಜವಾಗಿಯೂ ಐದು ನಿಮಿಷ ಕಾದೇ ಹಳದಿ ಮಾಡುತ್ತಿತ್ತು. “ಆಗಸ್ಟ್ ಹತ್ತೊಂಬತ್ತು?”

“ಒಂದೂವರೆಯಿಂದ ಮೂರು. ಮೂರನೇ ಮಹಡಿಯ ಸಿಂಕು. ಅವರು ಒಂದು ಲೋಟ ನೀರೂ ಕೊಡಲಿಲ್ಲ.”

ಕೊಟ್ಟಿದ್ದೆ. ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

ಹೀಗೆ ಹದಿನೇಳು ಗಂಟೆಯೂ ಹೊಂದಿಕೆಯಾಯಿತು, ಒಂದು ನಿಮಿಷ ಆಚೀಚೆ ಇಲ್ಲದೆ. ಬ್ರಾತಾ ಕಳ್ಳನಲ್ಲ, ಇನ್ನೊಂದು ನೌಕರಿಯವನೂ ಅಲ್ಲ, ನೆರೆಯವರ ಕೈಗೆ ಸಿಕ್ಕಿದ ಬಡಪಾಯಿ ಎಂದು ವಿಯೆನ್ನಾಕ್ಕೆ ಖಾತ್ರಿಯಾಯಿತು. ಕೊನೆಗೆ ಯಾಸ್ನಾ ಮೇಡಂ ಪೆನ್ನು ಕೆಳಗಿಟ್ಟಳು.

“ನೀವು ಮುಂದುವರೀರಿ ಬ್ರಾತಿಸ್ಲಾವ್. ಆದ್ರೆ ಈ ಹಳದಿ ನಿಲ್ಲಬೇಕು, ಅದಕ್ಕೇನಾದ್ರೂ ಏರ್ಪಾಡು ಮಾಡ್ತೀನಿ. ಈಗ ನಿಮ್ಮ ಫೋನಿಗೆ ಕರೆ ಮಾಡ್ತೀನಿ, ಸ್ವಲ್ಪ ಆ ಅಮ್ಮನಿಗೆ ಕೊಡಿ. ಅವರ ಹತ್ರ ಎರಡು ಮಾತಾಡಬೇಕು.”

ಬ್ರಾತಾ ಕಂಬಿಯ ಸಂದಿಯಿಂದ ಫೋನು ಕೊಟ್ಟ. ಅತ್ತೆ ಅದನ್ನು ಕಿವಿಗಿಟ್ಟುಕೊಂಡು ದೂರದ ಮೂಲೆಗೆ ಹೋಗಿ ಬಹಳ ಹೊತ್ತು ಮಾತಾಡಿದಳು. ಅಷ್ಟರಲ್ಲಿ ಹಂಡೆಯ ಐವಾರ್ ತಳ ಹಿಡಿದು ಸೀದ ವಾಸನೆ ಬಂತು. ಹೆಂಗಸರೆಲ್ಲ ಒಟ್ಟಾಗಿ ನೆಲಮಾಳಿಗೆಯ ಕಿಟಕಿಯ ಕಡೆ ತಿರುಗಿ ಬೈದರು. ಇವನು ಕಿರುಚದೆ ಇದ್ದಿದ್ದರೆ ಯಾರೂ ಕೈ ನಿಲ್ಲಿಸುತ್ತಿರಲಿಲ್ಲವಂತೆ. ತಿಹೊಮಿರ್ ಮಾಮ ಬೀಗ ತೆಗೆದು, ಮೊದಲು ಪೀಪಾಯಿಯ ಹತ್ತಿರ ಹೋಗಿ ನೋಡಿ, ಆಮೇಲೆ ಬ್ರಾತಾನನ್ನು ಹೊರಗೆ ಬಿಟ್ಟ. ಸಂಜೆ ಅವನೇ ಒಂದು ಲೋಟ ರಾಕಿಯಾ ತಂದುಕೊಟ್ಟು ಬೆನ್ನು ತಟ್ಟಿದ. ಇನ್ನು ಮೇಲೆ ಬ್ರಾತಾನ ಗಂಟೆ ಯಾರೂ ಒತ್ತಬಾರದು ಎಂದು ನಾವೆಲ್ಲ ಅಲ್ಲೇ ಆಣೆ ಇಟ್ಟೆವು. ಆ ಶನಿವಾರ ಭಾನುವಾರ ಅವನಷ್ಟು ಸುಖವಾಗಿ ಈ ಕಟ್ಟಡದಲ್ಲಿ ಯಾರೂ ನಿದ್ದೆ ಮಾಡಿಲ್ಲ.

ಸೋಮವಾರ ಎಂಟಕ್ಕೆ ಐದು ನಿಮಿಷವಿರುವಾಗ ಅವನ ಬಾಗಿಲ ಗಂಟೆ ಬಾರಿಸಿತು.

ದೆಸಾಂಕಾ ಅತ್ತೆ ನಿಂತಿದ್ದಳು. ಏಪ್ರನ್ ಇಲ್ಲ, ತಲೆಗೆ ಬಟ್ಟೆ ಇಲ್ಲ. ಗಿರಣಿಯ ಕಾಲದ ನೀಲಿ ಕೋಟು, ಕೈಯಲ್ಲಿ ಚೀಲ, ಕಾಲಲ್ಲಿ ಪಾಲಿಶ್ ಹಾಕಿದ ಬೂಟು.

“ಕಂಪನಿಯೋರು ನನ್ನನ್ನ ತಗೊಂಡಿದಾರೆ ಮಗಾ,” ಅಂದಳು. “ಈ ಕಡೆ ಮನೆಯಿಂದ ಕೆಲಸ ಮಾಡೋ ನಿಮ್ಮೆಲ್ಲರ ಮೇಲ್ವಿಚಾರಣೆ. ಯಂತ್ರ ಬರೀ ಹಳದಿ ಅಂತ ಹೇಳುತ್ತಂತೆ, ಯಾಕೆ ಅಂತ ಹೇಳಲ್ಲವಂತೆ. ಮಿಕ್ಕವರನ್ನ ಫೋನಲ್ಲಿ ವಿಚಾರಿಸ್ಕೋತೀನಿ. ಕೂರೋದು ಮಾತ್ರ ಇಲ್ಲೇ, ನಿನ್ನ ಅಡುಗೆಮನೇಲಿ. ಮೊದಲು ಆ ಚಪ್ಪಲಿ ಬಿಚ್ಚಿ ಬೂಟು ಹಾಕ್ಕೊ.”

ಬ್ರಾತಾ ಬೂಟು ಹಾಕಿಕೊಂಡ. ಅವಳು ಕಿಟಕಿ ಮುಚ್ಚಿ, ಮೇಜಿನ ಮೇಲೆ ಪುಸ್ತಕ ತೆರೆದು, ಸ್ಕೇಲಿನಿಂದ ಗೆರೆ ಎಳೆದಳು. ಹತ್ತು ಗಂಟೆಯವರೆಗೆ ಮನೆಯಲ್ಲಿ ಸದ್ದಿರಲಿಲ್ಲ. ಹತ್ತಕ್ಕೆ ಅವಳು ಕನ್ನಡಕ ತೆಗೆದಳು.

“ಮಗಾ, ಐವಾರ್ ಬಾಟಲಿ ಇನ್ನೂ ಹಿತ್ತಲಲ್ಲೇ ಇದಾವೆ. ಬಿಸಿಲು ಬೀಳುತ್ತೆ. ತೊಂಬತ್ತು ಬಾಟಲಿ. ಮೇಲೆ ತಂದಿಟ್ಟುಬಿಡು. ನಾನೇ ಹೋಗ್ತಿದ್ದೆ, ಏನ್ಮಾಡ್ಲಿ, ಕೆಲಸದಲ್ಲಿದೀನಿ.”

ಮೇಲ್ವಿಚಾರಕಿಯೇ ಹೇಳಿದ ಮೇಲೆ ಭಯವೇನು ಎಂದು ಅವನು ಹೋದ. ಒಂಬತ್ತು ಸಲ ನಾಲ್ಕು ಮಹಡಿ ಹತ್ತಿ ಇಳಿದು ಏದುಸಿರು ಬಿಡುತ್ತ ಬಂದಾಗ ಅವಳು ಪುಸ್ತಕದಲ್ಲಿ ಬರೆಯುತ್ತಿದ್ದಳು. ಅವನು ಬಗ್ಗಿ ನೋಡಿದ. ‘ಹತ್ತೂ ಎರಡರಿಂದ ಹತ್ತೂ ನಲವತ್ತೊಂದು. ಗೈರುಹಾಜರು.’ ಅದರ ಕೆಳಗೆ ಕೆಂಪು ಗೆರೆ.

“ಅತ್ತೆ, ನೀವೇ ತಾನೆ ನನ್ನನ್ನ ಕಳಿಸಿದ್ದು?”

ದೆಸಾಂಕಾ ಅತ್ತೆ ಶಾಯಿ ಒಣಗಲೆಂದು ಊದಿದಳು. “ಕಳಿಸಿದ್ದು ನೆರೆಮನೆಯವಳು. ಬರೆದದ್ದು ಕಂಪನಿಯವಳು. ಎರಡನ್ನೂ ಬೆರೆಸಬಾರದು ಕಣೋ. ಹೋಗಿ ಕೂತ್ಕೋ, ಇನ್ನೊಂದು ನಿಮಿಷ ಆದ್ರೆ ಅದನ್ನೂ ಬರೀಬೇಕಾಗುತ್ತೆ.”

ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದರೆ ಇದೇ. ಬ್ರಾತಾ ಕೂತು ಹ್ಯಾಂಬುರ್ಗಿಗೆ ಕ್ಷಮೆ ಕೇಳತೊಡಗಿದ. ಅವನು ಕೀಲಿಮಣೆ ಕುಟ್ಟುತ್ತಿದ್ದ ಸದ್ದು ಕೆಳಗೆ ನನ್ನ ಮನೆಗೂ ಕೇಳಿಸುತ್ತಿತ್ತು.

ನಾವು ಇಟ್ಟ ಆಣೆಯನ್ನು ನಾನಂತೂ ಮುರಿಯಲಿಲ್ಲ. ನನ್ನ ಸಿಂಕು ಮತ್ತೆ ಕಟ್ಟಿಕೊಂಡಿತ್ತು, ಆದರೂ ಅವನ ಗಂಟೆ ಒತ್ತಲಿಲ್ಲ. ಮಧ್ಯಾಹ್ನ ಮೆಟ್ಟಿಲ ಮೇಲೆ ದೆಸಾಂಕಾ ಅತ್ತೆ ಸಿಕ್ಕಾಗ, ಕಂಪನಿಯ ಕೆಲಸಕ್ಕೆ ತೊಂದರೆಯಾಗದ ಹಾಗಿದ್ದರೆ ಅವನನ್ನು ಒಂದು ಗಳಿಗೆ ಬಿಡಲಾದೀತೆ ಎಂದು ಕ್ರಮವಾಗಿ ಅನುಮತಿ ಕೇಳಿದೆ.

ಅವಳು ಗಡಿಯಾರ ನೋಡಿಕೊಂಡಳು, ಜೇಬಿನಿಂದ ಪೆನ್ನು ತೆಗೆದಳು.

“ಕಳಿಸ್ತೀನಿ, ಅದಕ್ಕೇನಂತೆ,” ಅಂದಳು. “ಹೇಗೂ ಮನೇಲೇ ಇರ್ತಾನಲ್ಲ.”